ಎಲ್ಲಾ ಮಾಡೋಳ ಲೆಕ್ಕ ಯಾರು ಬರ್ಕೊಂಡವ್ರೆ?

ಹೋದ ತಿಂಗಳು ಯಲಹಂಕದಲ್ಲಿ ಗೃಹಪ್ರವೇಶದ ದಿನ ನಮ್ಮ ಓರಗಿತ್ತಿ ಎಲ್ಲರ ಮುಂದೆ "ನಮ್ಮಕ್ಕ ರಾತ್ರಿ ಹತ್ತಾದ್ರೆ ಕಂಪ್ಯೂಟರ್‌ನಲ್ಲಿ ಕರಡಿ ಆಗ್ತಾರೆ" ಅಂತ ನಗಾಡಿದ್ಲು. ಎಲೆ ಮುಂದೆ ಕೂತಿದ್ದ ನೀವೆಲ್ಲಾ ನಕ್ಕಿದ್ದೂ ನಾನು ನೋಡ್ದೆ. ನಗ್ರಮ್ಮ, ಬೇಜಾರಿಲ್ಲ. ಆದ್ರೆ ಕರಡಿ ಆಗಿ ನನಗೆ ಹೊಟ್ಟೆ ಉರಿದದ್ದು ಯಾಕೆ ಅಂತ ಕೇಳಿ, ಆಮೇಲೆ ನಗ್ರಿ.

ಮೊದ್ಲು ಒಂದು ಮಾತು. ಇದು ದುಡ್ಡು ಕಟ್ಟಿ ಆಡೋ ರಮ್ಮಿ ಅಲ್ಲ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡಿ ಕಾಯ್ದೆ ತಂದಾಗ ಇಬ್ರು ಫೋನ್ ಮಾಡಿ "ನಿಮ್ದೂ ನಿಂತೋಯ್ತಾ ಅಕ್ಕಾ?" ಅಂದ್ರು. ನಿಂತಿಲ್ಲ. ನಾನಾಡೋದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಬಂದಿದ್ದ ಆಟ, ಅದರ ಹಳೇ ರೂಪನೇ 2019ರಲ್ಲಿ ಕ್ಲಾಸಿಕ್ ಅಂತ ಮತ್ತೆ ಬಿಟ್ರು. ತಿಂಗಳ ಚಂದಾ ಮಗ ಕಟ್ತಾನೆ. ಲಾಕ್‌ಡೌನ್‌ನಲ್ಲಿ ಮನೇಲಿದ್ದಾಗ ಅವನೇ ಕಲಿಸಿದ್ದು. ಈಗ ಪುಣೆಲವ್ನೆ. ಫೋನ್ ಮಾಡಿದ್ರೆ "ಊಟ ಆಯ್ತಾ", "ಆಯ್ತು", ಅಷ್ಟೇ ಮಾತು. ಆಟದಲ್ಲಿ ಕೂತ್ರೆ ಎರಡು ಗಂಟೆ ನನ್ ಜೊತೆ ಮಾತಾಡ್ತಾನೆ. ನೀವು ಹೆತ್ತವರು, ಇದಕ್ಕಿಂತ ಹೆಚ್ಚು ಹೇಳ್ಬೇಕಾ?

ಆಟ ಹೆಂಗೆ ಅಂದ್ರೆ, ಐದು ಜನ ಸೇರಿ ಗುಹೆಗೆ ಹೋಗ್ತೀವಿ. ಒಬ್ಬ ಮುಂದೆ ನಿಂತು ಏಟು ತಿಂತಾನೆ, ಅವನಿಗೆ ಟ್ಯಾಂಕ್ ಅಂತಾರೆ (ನಮ್ಮ ತಾರಸಿ ಮೇಲಿನ ಟ್ಯಾಂಕ್ ಅಲ್ಲ). ಒಬ್ಬ ಹಿಂದೆ ನಿಂತು ಮಂತ್ರ ಹಾಕಿ ಗಾಯ ವಾಸಿ ಮಾಡ್ತಾನೆ, ಅವನು ಹೀಲರ್. ಉಳಿದ ಮೂವರು ಹೊಡಿಯೋರು. ಮೇಜ್ ಅನ್ನೋ ಮಂತ್ರಗಾರನಿಗೆ ಬೆಂಕಿ, ಹಿಮ ಎಸೆಯೋದೇ ಕಸುಬು. ರೋಗ್ ಅನ್ನೋನಿಗೆ ಚೂರಿ. ಆದ್ರೆ ಡ್ರೂಯಿಡ್ ಅಂತ ಒಂದು ಜಾತಿ ಐತೆ. ಅದು ಬೆರಕೆ. ಮಂತ್ರಾನೂ ಹಾಕುತ್ತೆ, ಕರಡಿ ಆಗಿ ಏಟೂ ತಿನ್ನುತ್ತೆ, ಬೆಕ್ಕಾಗಿ ಪರಚೂ ಪರಚುತ್ತೆ, ವಾಸೀನೂ ಮಾಡುತ್ತೆ. ನನ್ನ ಡ್ರೂಯಿಡ್ ಟಾರೆನ್ ಕುಲದವಳು, ಹಸು ಮುಖ, ಕೊಂಬು, ಬಾಲ. ಮಗ "ಯಾರು ಬೇಕಮ್ಮ" ಅಂತ ತೋರಿಸಿದಾಗ ಕೊಟ್ಟಿಗೇಲಿದ್ದ ನಮ್ಮ ಗೌರಿ ಮುಖ ಕಂಡಂಗಾಯ್ತು, ಅದನ್ನೇ ಆರಿಸ್ಕೊಂಡೆ. ಅರವತ್ತು ಮೆಟ್ಟಿಲು ಹತ್ತಬೇಕು, ಮಧ್ಯೆ ಬಿಟ್ಟೋಗಿದ್ದು ಹೋದ ವರ್ಷ ಮತ್ತೆ ಶುರು ಮಾಡಿ ಇಪ್ಪತ್ತಮೂರಕ್ಕೆ ಬಂದಿದೀನಿ. ಪಾತ್ರೆ ತೊಳೆದು ಹಾಲಿಗೆ ಹೆಪ್ಪು ಹಾಕಿ ಕೂರೋಳಿಗೆ ಇಷ್ಟೇ ಆಗೋದು.

ಇದರಲ್ಲಿ ಒಂದು ಕಷ್ಟ ಐತೆ, ಅದನ್ನ ಆಡದೋರು ತಿಳ್ಕೊಳ್ಳಲ್ಲ. ಕರಡಿ ಆಗಿರೋವಾಗ ವಾಸಿ ಮಾಡೋ ಮಂತ್ರ ಬರಲ್ಲ. ಕರಡಿ ಬಿಡಬೇಕು, ಮಂತ್ರ ಹಾಕ್ಬೇಕು, ಮತ್ತೆ ಕರಡಿ ಆಗ್ಬೇಕು. ಹಂಗೆ ರೂಪ ತಾಳಿದಾಗೆಲ್ಲಾ ಮಾನಾ ಅನ್ನೋ ಮಂತ್ರಶಕ್ತಿ ಖರ್ಚಾಗುತ್ತೆ. ಕೆಲಸಕ್ಕಲ್ಲ, ಬರೀ ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಗೋಕೇ ಖರ್ಚು! ಒಲೆ ಮೇಲೆ ಎಸರು ಕುದೀತಾ ಇರುತ್ತೆ, ಗ್ಯಾಸ್‌ನೋನು ಬಾಗಿಲು ತಟ್ತಾನೆ, ಮೊಮ್ಮಗು ಅಳುತ್ತೆ, ಮಾವನೋರು ಬಿ.ಪಿ. ಮಾತ್ರೆ ಎಲ್ಲಿ ಅಂತಾರೆ. ರಾತ್ರಿ ಸುಸ್ತಾಯ್ತು ಅಂದ್ರೆ "ಅಂಥಾದ್ದೇನ್ ಮಾಡ್ದೆ?" ಅಂತ ಕೇಳ್ತಾರಲ್ಲ, ಅವರಿಗೆ ಹೇಳೋಕೆ ನನಗೆ ಐವತ್ನಾಲ್ಕು ವರ್ಷ ಮಾತು ಸಿಕ್ಕಿರ್ಲಿಲ್ಲ. ಈ ಆಟದಲ್ಲಿ ಸಿಕ್ತು.

ಈಗ ವಿಷಯಕ್ಕೆ ಬರ್ತೀನಿ. ಮಗ, ಅವನ ಸ್ನೇಹಿತರು ಮೂವರು, ನಾನು ಒಂದು ಭಾನುವಾರ ವೇಲಿಂಗ್ ಕ್ಯಾವರ್ನ್ಸ್ ಅನ್ನೋ ಗುಹೆಗೆ ಹೋದ್ವಿ. ಒಳಗೆ ಹಾವಾಗಿ ಬದಲಾಗೋ ಕೆಟ್ಟ ಡ್ರೂಯಿಡ್‌ಗಳು ಅವ್ರೆ, ನಿದ್ದೆ ಮಂತ್ರ ಹಾಕ್ತಾರೆ. ಮಗ ಟ್ಯಾಂಕು, ನಾನು ಬೆಕ್ಕಾಗಿ ಹೊಡಿಯೋಳು. ನಡೂ ಜಗಳದಲ್ಲಿ ಮಗನಿಗೆ ನಿದ್ದೆ ಹಾಕ್ಬುಟ್ರು. ಹಾವೆಲ್ಲಾ ಹೀಲರ್ ಹುಡುಗನ ಮೇಲೆ ಬಿದ್ವು, ಅವನು ಸತ್ತ. ನಾನು ಬೆಕ್ಕಿನ ರೂಪ ಬಿಟ್ಟೆ. ಡ್ರೂಯಿಡ್‌ಗೆ ಮಾತ್ರ ರೀಬರ್ತ್ ಅಂತ ಒಂದು ಮಂತ್ರ ಐತೆ, ಜಗಳ ನಡೀತಿರುವಾಗಲೇ ಸತ್ತೋರನ್ನ ಎಬ್ಬಿಸೋದು. ಅರ್ಧ ಗಂಟೆಗೆ ಒಂದೇ ಸಲ, ಅದಕ್ಕೊಂದು ಮೇಪಲ್ ಬೀಜ ಕೈಯಲ್ಲಿರಬೇಕು. ಇತ್ತು. ಮಸಾಲೆ ಡಬ್ಬಿ ತುಂಬಿಡೋಳು ನಾನು, ಬೀಜ ಖಾಲಿ ಬಿಡ್ತೀನಾ? ಹುಡುಗನ್ನ ಎಬ್ಬಿಸ್ದೆ. ತಕ್ಷಣ ಕರಡಿ ಆದೆ, ಗುರ್ ಅಂದು ಹಾವುಗಳನ್ನ ನನ್ ಕಡೆ ತಿರುಗಿಸ್ಕೊಂಡೆ, ಮಗ ಏಳೋವರ್ಗೂ ಏಟು ತಿಂದೆ. ಗೆದ್ವಿ.

ಗೆದ್ದ ಮೇಲೆ ಗುಂಪಿನ ಮುಂದಾಳು, ಮೇಜ್ ಆಡೋ ಹುಡುಗ, ಡ್ಯಾಮೇಜ್ ಮೀಟರ್ ಅಂತ ಒಂದು ಪಟ್ಟಿ ಹಾಕ್ದ. ಯಾರು ಎಷ್ಟು ಹೊಡೆದ್ರು ಅನ್ನೋ ಲೆಕ್ಕ. ಮೇಲೆ ಅವನೇ. ನಾನು ಕೆಳಗಿಂದ ಎರಡನೇಳು. "ಆಂಟಿ, ಮುಂದಿನ ಸಲ ಹೀಲರ್ ಆಗಿ ಮಾತ್ರ ಬನ್ನಿ, ಡ್ಯಾಮೇಜ್ ತುಂಬಾ ಕಮ್ಮಿ. ಡ್ರೂಯಿಡ್ ಎಲ್ಲಾ ಮಾಡುತ್ತೆ, ಯಾವುದೂ ನೆಟ್ಟಗೆ ಮಾಡಲ್ಲ" ಅಂದ. ನನ್ ಮಗನೂ ಬಾಯಿ ಬಿಡ್ಲಿಲ್ಲ. ಪಾಪ, ನಿದ್ದೇಲಿದ್ದೋನಿಗೆ ಏನ್ ಗೊತ್ತಿತ್ತು.

ನನ್ ತಕರಾರು ಆ ಹುಡುಗನ ಮೇಲಲ್ಲ, ಆ ಪಟ್ಟಿ ಮೇಲೆ. ಹೊಡೆದದ್ದು ಮಾತ್ರ ಅಂಕಿ ಆಗುತ್ತೆ. ಸತ್ತೋನನ್ನ ಎಬ್ಬಿಸಿದ್ದಕ್ಕೆ ಅಂಕಿ ಇಲ್ಲ. ಬೀಜ ಮೊದ್ಲೇ ತಂದಿಟ್ಟದ್ದಕ್ಕೆ ಇಲ್ಲ. ನಾನೆಬ್ಬಿಸಿದ ಹುಡುಗ ಆಮೇಲೆ ವಾಸಿ ಮಾಡಿದ್ದೆಲ್ಲಾ ಅವನ ಲೆಕ್ಕಕ್ಕೇ ಹೋಯ್ತು. ನಲವತ್ತನೇ ಮೆಟ್ಟಿಲಿಗೆ ಇನ್ನರ್ವೇಟ್ ಅಂತ ಇನ್ನೊಂದು ಮಂತ್ರ ಬರುತ್ತಂತೆ, ಬೇರೆಯವರ ಮಾನಾ ಬೇಗ ತುಂಬಿಸೋದು. ಅದನ್ನ ಹೀಲರ್‌ಗೆ ಕೊಡೋದೇ ವಾಡಿಕೆ ಅಂತೆ. ಕೊಡೋಳು ನಾನು, ಹೆಸರು ಅವರಿಗೆ. ಕೇಳಿದಂಗೈತಲ್ವಾ? ಗಂಡನಿಗೆ ಪ್ರಮೋಷನ್ ಆದಾಗ ಆಫೀಸಿನೋರು ಹಾರ ಯಾರ ಕೊರಳಿಗೆ ಹಾಕಿದ್ರು, ನೆನಪು ಮಾಡ್ಕೊಳ್ಳಿ.

ಇದು ಒಂದೇ ಆಟದ ಬುದ್ಧಿ ಅಲ್ಲ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಅನ್ನೋ ಆಟದಲ್ಲಿ ಕತ್ತಿ, ಮಂತ್ರ ಎರಡೂ ಬಲ್ಲ ಪ್ಯಾಲಡಿನ್, ರೇಂಜರ್, ಶ್ಯಾಡೋ ನೈಟ್‌ಗಳಿಗೆ ಮೆಟ್ಟಿಲು ಹತ್ತೋಕೆ ಬೇರೆಯವರಿಗಿಂತ ಶೇಕಡಾ 40ರಷ್ಟು ಹೆಚ್ಚು ದುಡಿಮೆ ಇಟ್ಟಿದ್ರು. ಎರಡು ವಿದ್ಯೆ ಬಲ್ಲೋರಿಗೆ ದಂಡ! ಆಡೋರು ಕೂಗಾಡಿ ಆಮೇಲೆ ತೆಗೆದ್ರು. ಈ ಆಟದಲ್ಲೂ ಮೊದಮೊದಲು ನಲವತ್ತು ಜನ ಕಟ್ಕೊಂಡು ಹೋಗೋ ದೊಡ್ಡ ದಂಡಿಗೆ ಡ್ರೂಯಿಡ್ ಬಂದ್ರೆ "ಹೀಲಿಂಗ್ ಮಾಡ್ತೀಯಾ, ಬಾ" ಅಂತಿದ್ರಂತೆ. ಎಲ್ಲಾ ಬಲ್ಲೋಳನ್ನ ಒಂದು ಮೂಲೆಗೆ ಕೂರಿಸೋದು, ಉಳಿದದ್ದನ್ನ ಅಪಾಯ ಬಂದಾಗ ಪುಕ್ಕಟೆ ಬಳಸ್ಕೊಳ್ಳೋದು. ನನಗೆ ಸಿಟ್ಟು ಬರೋದು ಈ "ಪುಕ್ಕಟೆ"ಗೆ.

ಹೈಬ್ರಿಡ್ ಅನ್ನೋದೇ ನಮ್ಮ ಕಡೆ ಬೈಗುಳ. ಸಂತೇಲಿ ಟೊಮ್ಯಾಟೊ ಹಿಡಿದು "ಇದು ಹೈಬ್ರಿಡ್, ರುಚಿ ಇಲ್ಲ, ನಾಟಿ ಕೊಡಪ್ಪ" ಅಂತೀವಿ. ಮನೆಗೆ ಬಂದು ಮುದ್ದೆ ತಿರುವೋದು ಯಾವ ರಾಗೀಲಿ? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನೋರು ಇಂಡಿಯಾ ರಾಗೀನೂ ಆಫ್ರಿಕಾ ರಾಗೀನೂ ಬೆರೆಸಿ ಇಂಡಾಫ್ ತಳಿ ತೆಗೆದ್ರಲ್ಲ, ನಮ್ಮಪ್ಪ ಬಿತ್ತಿದ್ದು ಅದನ್ನೇ. ಬೆರಕೆ ಅಂತ ಯಾರೂ ತಟ್ಟೆ ತಳ್ಳಲಿಲ್ಲ.

ಕೇಂದ್ರ ಸರ್ಕಾರದೋರು 2019ರಲ್ಲಿ ಜನ ದಿನದ ಹೊತ್ತನ್ನ ಹೆಂಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿದ್ರು. ಸಂಬಳ ಇಲ್ದಿರೋ ಮನೆಗೆಲಸಕ್ಕೆ, ಅದನ್ನ ಮಾಡೋ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಅಂದ್ರೆ ನಾವು ಐದು ಗಂಟೆ. ಎಣಿಸಿದ್ರಲ್ಲ, ಸಂತೋಷ. ಆದ್ರೆ ಆ ಐದು ಗಂಟೇಲಿ ಎಷ್ಟು ಸಲ ಕರಡಿ ಬಿಟ್ಟು ಬೆಕ್ಕಾದ್ಲು, ಬೆಕ್ಕು ಬಿಟ್ಟು ವೈದ್ಯಳಾದ್ಲು ಅನ್ನೋದು ನಿಮಿಷದಲ್ಲಿ ಕಾಣಲ್ಲ.

ಒಪ್ಕೊಳ್ಳೋದನ್ನ ಒಪ್ಕೊಳ್ತೀನಿ. ನನ್ನ ಬೆಕ್ಕು ರೋಗ್‌ನಷ್ಟು ಪರಚಲ್ಲ. ಐದೂ ಜನ ನನ್ನಂಗೇ ಆದ್ರೆ ಬೆಂಕಿ ಎಸೆಯೋರಿಲ್ದೆ ಜಗಳ ಎಳೆದಾಡುತ್ತೆ, ಆ ಮೇಜ್ ಹುಡುಗನೂ ಬೇಕು. ಒಂದೇ ಕೆಲಸಾನ ನಲವತ್ತು ವರ್ಷ ಮಾಡಿದ ಅಡಿಗೆ ಭಟ್ರ ಮುಂದೆ ನನ್ನ ಹೋಳಿಗೆ ಏನೂ ಅಲ್ಲ. ಅದಕ್ಕೆ ಅಂತ, ಭಟ್ರು ಮಗುಗೆ ಜ್ವರ ಬಂದ್ರೆ ಸೌಟು ಇಳಿಸಿ ಓಡ್ತಾರಾ?

ಇನ್ನೊಂದೂ ಐತೆ, ಇದನ್ನ ಬರೆಯೋಕೆ ಮೂರು ದಿನ ಹಿಂದೆಮುಂದೆ ನೋಡ್ದೆ. ನಮ್ಮ ದೊಡ್ಡ ಸೊಸೆ ಮನೆಯಿಂದಲೇ ಕಂಪನಿ ಕೆಲಸ ಮಾಡ್ತಾಳೆ. ಕಿವಿಗೆ ಹೆಡ್‌ಫೋನ್, ತೊಡೆ ಮೇಲೆ ಮಗು, ಮೀಟಿಂಗ್ ಮಧ್ಯೆ ಎದ್ದು ಕುಕ್ಕರ್ ಆಫ್ ಮಾಡಿ ಮತ್ತೆ ಕೂತ್ಕೊಳ್ತಾಳೆ. ಅವಳ ಬಗ್ಗೆ ನಾನು ನಿಮ್ಮೆಲ್ಲರ ಹತ್ರ ಹೇಳಿದ್ದೇನು? "ಮುದ್ದೆ ಗಂಟುಗಂಟು, ತಿರುವೋಕೆ ಬರಲ್ಲ." ಮೂರು ವರ್ಷದಿಂದ ಅದೊಂದೇ ಮಾತು. ಆ ಹುಡುಗ ನನಗೆ ಒಂದು ರಾತ್ರಿ ಹಾಕಿದ ಪಟ್ಟಿನ ನಾನು ಅವಳಿಗೆ ದಿನಾ ಹಾಕಿದೀನಿ. ಅವಳೂ ಇದನ್ನ ಓದ್ತಾಳೆ. ಓದ್ಲಿ. ನೀವು ಮುಂದೆ ನಮ್ಮನೆಗೆ ಬಂದಾಗ "ಸೊಸೆ ಮುದ್ದೆ ಕಲಿತ್ಲಾ?" ಅಂತ ನನ್ನ ಕೇಳ್ಬೇಡಿ.

ಮುಂದಾಳು ಹುಡುಗನಿಗೆ ಮೊನ್ನೆ ಬರೆದೆ. "ಕಂದಾ, ಹೀಲರ್ ಆಗಿ ಮಾತ್ರ ಬರಲ್ಲ. ಡ್ರೂಯಿಡ್ ಆಗಿ ಬರ್ತೀನಿ. ಬೇಕಿದ್ರೆ ಕರಿ, ಬೇಡ ಅಂದ್ರೆ ನನ್ ಮಗನ ಜೊತೆ ಇಬ್ರೇ ಮೀನು ಹಿಡ್ಕೊಂಡು ಕೂರ್ತೀವಿ. ಮುಂದಿನ ಸಲ ಪಟ್ಟಿ ಹಾಕೋದಾದ್ರೆ ಯಾರು ಯಾರನ್ನ ಎಬ್ಬಿಸಿದ್ರು ಅಂತಾನೂ ಹಾಕು." ನೀಲಿ ಟಿಕ್ ಬಂದೈತೆ, ಬದ್ಲು ಬಂದಿಲ್ಲ. ಭಾನುವಾರಕ್ಕೆ ನಾಲ್ಕು ಬೀಜ ಕೊಂಡು ಇಟ್ಕೊಂಡಿದೀನಿ.