ಒಡೆದ ಕೈಗಳ ಆರೈಕೆ ಯಾರ ಹೊಣೆ?

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದದ್ದು 1889ರಲ್ಲಿ. ಅಲ್ಲಿನ ಆಪರೇಷನ್ ಥಿಯೇಟರಿನ ಮುಖ್ಯ ದಾದಿ ಕೆರೊಲಿನ್ ಹ್ಯಾಂಪ್ಟನ್. ಕ್ರಿಮಿ ಸಾಯಲೆಂದು ಬಳಸುತ್ತಿದ್ದ ಪಾದರಸದ ಕ್ಲೋರೈಡ್ ದ್ರಾವಣ ಅವರ ಕೈಗಳಿಗೆ ಒಗ್ಗಲಿಲ್ಲ. ಚರ್ಮ ಕೆರಳಿ, ಕೆಲಸವನ್ನೇ ಬಿಡಬೇಕಾದ ಸ್ಥಿತಿ ಬಂತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳು ರಬ್ಬರಿನ ಕೈಗವಸು ಮಾಡಿಸಿದರು. ಅದರಿಂದ ರೋಗಿಗೂ ರಕ್ಷಣೆ ಇದೆಯೆಂಬುದು ಮನವರಿಕೆಯಾದದ್ದು ಆಮೇಲೆ.

ಒಬ್ಬ ದಾದಿಯ ಚರ್ಮದ ಬಗ್ಗೆ ಆವತ್ತು ತೋರಿದ ಕಾಳಜಿ ಇವತ್ತು ನಮ್ಮ ಎಷ್ಟು ವಾರ್ಡುಗಳಲ್ಲಿದೆ? ಕೈ ತೊಳೆಯುವ ಹಂತಗಳ ಚಿತ್ರಪಟ ಗೋಡೆಯ ಮೇಲಿರುತ್ತದೆ, ಸಿಂಕಿನ ಪಕ್ಕ ಸೋಪಿರುತ್ತದೆ. ತೊಳೆದ ಕೈಗೆ ಹಚ್ಚಿಕೊಳ್ಳಲು ಕ್ರೀಮು ಹುಡುಕಿದರೆ ಸಿಗುವುದು ಅಪರೂಪ.

ರಾತ್ರಿ ಪಾಳಿ ಮುಗಿಸಿದ ನರ್ಸೊಬ್ಬರ ಬೆರಳ ಗೆಣ್ಣುಗಳನ್ನು ಹತ್ತಿರದಿಂದ ನೋಡಬೇಕು. ಕೆಂಪೇರಿದ ಚರ್ಮ, ಮಡಿಕೆಗಳಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಸ್ಯಾನಿಟೈಸರ್ ಬಿದ್ದೊಡನೆ ಚುರ್ರೆನ್ನುತ್ತದೆ.

ಹೆಚ್ಚಿನವರು ದೂರುವುದು ಆ ಸ್ಯಾನಿಟೈಸರನ್ನೇ. ಆದರೆ ಚರ್ಮದ ಜಿಡ್ಡನ್ನು ತೆಗೆದು ಚರ್ಮ ಒಡೆಯುವಂತೆ ಮಾಡುವುದರಲ್ಲಿ ಸೋಪು-ನೀರಿನ ಪಾಲು ದೊಡ್ಡದು. ಬಿಸಿನೀರಾದರಂತೂ ಇನ್ನೂ ಕಷ್ಟ. ಆಗಲೇ ಒಡೆದ ಜಾಗಕ್ಕೆ ಆಲ್ಕೋಹಾಲ್ ತಾಗಿದಾಗ ಉರಿ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಸ್ಯಾನಿಟೈಸರ್ ಮಿಶ್ರಣದಲ್ಲಿ ಚರ್ಮ ಒಣಗದಿರಲೆಂದೇ ಶೇ 1.45ರಷ್ಟು ಗ್ಲಿಸರಿನ್ ಇದೆ. ಕೈಗೆ ಕೊಳೆ ಮೆತ್ತಿಲ್ಲದಿದ್ದರೆ 20ರಿಂದ 30 ಸೆಕೆಂಡು ಸ್ಯಾನಿಟೈಸರ್ ಉಜ್ಜಿಕೊಂಡರೆ ಸಾಮಾನ್ಯವಾಗಿ ಸಾಕು. ರಕ್ತ, ಮಲ ತಾಗಿದ್ದರೆ ಸೋಪು ಬೇಕೇ ಬೇಕು. ಉರಿಗೆ ಹೆದರಿ ಪ್ರತಿ ಸಲವೂ ಸೋಪಿನ ಮೊರೆ ಹೋದವರ ಕೈ ಮತ್ತಷ್ಟು ಕೆಡುತ್ತದೆ. ಒದ್ದೆ ಕೈಗೇ ಗ್ಲೌಸ್ ಏರಿಸುವ ಅವಸರವೂ ಇದಕ್ಕೆ ಸೇರಿಕೊಳ್ಳುತ್ತದೆ.

ಇದು ಸಿಬ್ಬಂದಿಯ ಸ್ವಂತ ತೊಂದರೆ ಎಂದು ಆಡಳಿತದವರು ಕೈ ಕೊಡವಿಕೊಳ್ಳುವಂತಿಲ್ಲ. ಬಿರಿದ ಚರ್ಮದಲ್ಲಿ ಸ್ಟಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಸುಲಭವಾಗಿ ನೆಲೆಯೂರುತ್ತವೆ. ನೋಯುವ ಕೈಯನ್ನು ಮತ್ತೆ ಮತ್ತೆ ತೊಳೆಯಲು ಮನಸ್ಸೂ ಬರುವುದಿಲ್ಲ. ಎರಡರ ಪೆಟ್ಟೂ ಬೀಳುವುದು ಹಾಸಿಗೆಯಲ್ಲಿ ಮಲಗಿರುವ ರೋಗಿಗೆ.

ವೃದ್ಧಾಶ್ರಮಗಳಲ್ಲಿ, ಮನೆಗಳಲ್ಲಿ ಹಿರಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಸ್ನಾನ ಮಾಡಿಸಬೇಕು, ಡಯಾಪರ್ ಬದಲಿಸಬೇಕು, ಬಟ್ಟೆ ಒಗೆಯಬೇಕು. ತಮ್ಮ ಮನೆಗೆ ಹೋದ ಮೇಲೆ ಪಾತ್ರೆ ತಿಕ್ಕುವುದು ಬೇರೆ. ಕೊಬ್ಬರಿ ಎಣ್ಣೆ ಸವರಿಕೊಂಡೇ ಕೆಲಸಕ್ಕೆ ಬರುವವರಿದ್ದಾರೆ. ರಾತ್ರಿ ಮಲಗುವಾಗ ಅದನ್ನು ಹಚ್ಚಿಕೊಂಡರೆ ಅಡ್ಡಿಯಿಲ್ಲ. ಆದರೆ ಎಣ್ಣೆ, ವ್ಯಾಸಲೀನ್ ತಾಗಿದರೆ ಲೇಟೆಕ್ಸ್ ಗ್ಲೌಸ್ ದುರ್ಬಲವಾಗುತ್ತದೆಂದು ಅವರಿಗೆ ಹೇಳಿದವರು ಯಾರು?

ಪ್ರತಿ ವರ್ಷ ಮೇ 5ರಂದು ಕೈ ಸ್ವಚ್ಛತಾ ದಿನ ಬರುತ್ತದೆ. ಅಷ್ಟರೊಳಗೆ ಆಸ್ಪತ್ರೆಗಳ, ಆಶ್ರಮಗಳ ಖರೀದಿ ಪಟ್ಟಿಯಲ್ಲಿ ಸ್ಯಾನಿಟೈಸರಿನ ಕೆಳಗೆ ಪರಿಮಳವಿಲ್ಲದ, ಗ್ಲೌಸಿಗೆ ಹಾನಿ ಮಾಡದ ಕ್ರೀಮೂ ಸೇರಲಿ. ಕೈ ಒಡೆದಿದೆ ಎಂದು ಹೇಳಿಕೊಂಡವರಿಗೆ ಚರ್ಮವೈದ್ಯರ ಸಲಹೆ ಸಿಗಲಿ, ಕೈ ಮಾಯುವವರೆಗೆ ನೀರಿನ ಕೆಲಸ ಕಡಿಮೆಯಾಗಲಿ. ಅದಕ್ಕಾಗಿ ಅವರ ಒಂದು ದಿನದ ಸಂಬಳವೂ ಕಡಿತವಾಗಬಾರದು.