ಸೋರೋದು ಒಂದು ಮೂಲಿ, ಬಳಿಯೋದು ಇಡೀ ತಾರಸಿ

ಮಳಿ ಹಿಡಿದ ಕೂಡ್ಲೇ ನಮ್ಮ ದಾವಣಗೆರ್ಯಾಗ ತಾರಸಿ ತಾರಸಿಗೂ ಬಿಳಿ ಬಣ್ಣ ಬೀಳತೈತಿ. ವಾಟರ್‌ಪ್ರೂಫ್ ಅಂತ ಸಾವಿರಾರು ರೂಪಾಯಿ ಡಬ್ಬಿ ತಂದು ಬಳಿಸ್ತಾರ, ಶ್ರಾವಣಕ್ಕ ಮತ್ತ ಬಕೆಟ್ ಇಡ್ತಾರ. ನನಗಂತೂ ಇದು ದಂಡದ ಖರ್ಚು.

ನೀರು ನಡುಬಯಲಾಗ ಇಳಿಯೋದು ಕಡಿಮಿ. ಪ್ಯಾರಾಪೆಟ್ ಗ್ವಾಡಿ ತಾರಸಿಗೆ ಕೂಡೋ ಮೂಲ್ಯಾಗ, ಪೈಪಿನ ಬಾಯಾಗ, ಸೋಲಾರ್ ಸ್ಟ್ಯಾಂಡಿಗೆ ಡಿಶ್ಶಿಗೆ ಅಂತ ಡ್ರಿಲ್ ಹೊಡೆದ ತೂತಿನಾಗ ಇಳೀತೈತಿ. ಕೆಳಗ ಹಸಿ ಕಂಡಲ್ಲೇ ಮ್ಯಾಲ ತೂತು ಇರ್ಬೇಕಂತಿಲ್ಲ. ಸ್ಲ್ಯಾಬಿನ ಸೀಳಿನಗುಂಟ ಹರಿದು ಎಲ್ಲೋ ಬಂದು ತೊಟ್ಟಿಕ್ಕತೈತಿ. ಅದಕ್ಕ ಬ್ಯಾಸಗ್ಯಾಗ ಪೈಪಿಗೆ ಬಟ್ಟಿ ತುರುಕಿ ಒಂದಿಂಚು ನೀರು ಒಂದು ದಿನ ನಿಲ್ಲಿಸಿ ನೋಡ್ರಿ. (ಶಿಥಿಲ ಆದ ಹಳೇ ಸ್ಲ್ಯಾಬಿಗೆ ಬ್ಯಾಡ.) ಸಿಕ್ಕ ಸೀಳನ್ನ ಉಳಿಯಿಂದ ಅಗಲ ಮಾಡಿ, ಧೂಳು ತೆಗೆದು ತುಂಬಿ, ಫೈಬರ್ ಜಾಳಿಗಿ ಇಟ್ಟು ಎರಡು ಕೋಟ್ ಹೊಡೆಸ್ರಿ. ಹಸಿ ತಾರಸಿ ಮ್ಯಾಲ ಹೊಡೆದ್ರ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಗುಳ್ಳಿ ಎದ್ದು, ಹಪ್ಪಳದಂಗ ಸುಲಿದು ಬರತೈತಿ. ಹಂಗಾಗಿ ಇದು ಶಿವರಾತ್ರಿ-ಯುಗಾದಿ ನಡುವಿನ ಕೆಲಸ, ಜೂನಿಂದಲ್ಲ.

ಮಾಳಿಗಿ ಮನಿ ಕಾಲದಾಗ ಮಳಿಗಿಂತ ಮುಂಚೆ ಕರ್ಲು ಮಣ್ಣು ಹಾಕ್ತಿದ್ರು. ಸೋಡಿಯಂ ಜಾಸ್ತಿ ಇರೋ ಮಣ್ಣದು. ನೀರು ಬಿದ್ರ ಕಣ ಬಿಡಿಬಿಡಿಯಾಗಿ ಸಂದೆಲ್ಲ ಮುಚ್ಚಿಬಿಡತೈತಿ. ಆರ್‌ಸಿಸಿ ಬಂದಮ್ಯಾಲ ವರ್ಷಕ್ಕೊಮ್ಮೆ ಮ್ಯಾಲ ಹತ್ತೋ ರೂಢಿನೇ ಹೋತು.

ಹರಿಹರದಾಗ ನಮ್ಮಕ್ಕನ ಮನಿ ಮ್ಯಾಲಿನ ರೂಮು ತಗಡಿಂದು. ಸ್ಕ್ರೂ ಹೊಡೆದಿದ್ದು ತಗ್ಗಿಗೆ, ನೀರು ಹರಿಯೋದೂ ಅಲ್ಲೇ! ಸುಕ್ಕುತಗಡಿಗೆ ಉಬ್ಬಿನ ಮ್ಯಾಲ ಹೊಡೀಬೇಕು. ರಬ್ಬರ್ ವಾಷರ್ ಬಿಸಿಲಿಗೆ ಸೆಟೆದು ಬಿರೀತಾವು, ಅವನ್ನ ಬದಲಿಸ್ಬೇಕು. ಸಿಮೆಂಟ್ ಮೆತ್ತಿದ್ರ ನಿಲ್ಲಂಗಿಲ್ಲ. ತಗಡು ಹಿಗ್ಗಿ ಕುಗ್ಗಿ ಅದನ್ನ ಬಿರಿಸ್ತೈತಿ.

ಮನಿ ಗಂಡಸರು "ಹನಿ ತಾನೇ" ಅಂತಾರ. ಆ ಹನಿ ಫ್ಯಾನಿನ ವೈರಿಗೆ ಇಳಿದ್ರ ಕರೆಂಟ್ ಹೊಡೀತೈತಿ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದ್ರ ಗಾರಿ ಹೆಂಟಿ ಕೆಳಗ ಮಲಗಿದ ಕೂಸಿನ ಮ್ಯಾಲ ಬೀಳತೈತಿ. ಯಾವ ಮಳಿಗೆ ಮೊದಲ ಹನಿ ಎಲ್ಲಿ ಬಿತ್ತು ಅನ್ನೋದು ಬಕೆಟ್ ಇಟ್ಟೋರಿಗೆ ಗೊತ್ತು, ಅಂದ್ರ ನಮಗ. ಮೇಸ್ತ್ರಿ ಬಂದಾಗ ಚಾ ಕೊಟ್ಟು ಒಳಗ ಹೋಗಬ್ಯಾಡ್ರಿ. ಮ್ಯಾಲ ಹತ್ತಿ ಜಾಗ ತೋರಸ್ರಿ, ಚದರಡಿ ಲೆಕ್ಕ ಹೇಳಿದ್ರ ಇಡೀ ತಾರಸಿಗೆ ಯಾಕ ಅಂತ ಕೇಳ್ರಿ.

ಹೊಸಾ ಕೋಟ್ ಹೊಡೆದ ತಾರಸಿ ಮ್ಯಾಲ ಮಾತ್ರ ಆ ಬ್ಯಾಸಗಿ ಸಂಡಿಗಿ ಹಾಕಬ್ಯಾಡ್ರಿ. ಮಂಚ ಇಟ್ಟು ಅದರ ಮ್ಯಾಲ ಒಣಗಿಸ್ರಿ.