ಮಾರುದ್ದದ ಜಡೆ

ಕಳೆದ ವೈಶಾಖದಲ್ಲಿ ಕುಂಬಳೆಯ ಕಡೆಯ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆವು. ಮದುಮಗಳ ಅಲಂಕಾರ ನಡೆಯುತ್ತಿದ್ದ ಕೋಣೆಯಲ್ಲಿ ನಮ್ಮ ಕಣ್ಣು ಮದುಮಗಳನ್ನು ಬಿಟ್ಟು ಆಕೆಯ ಚಿಕ್ಕಪ್ಪನ ಮಗಳ ಮೇಲೆ ನಿಂತುಬಿಟ್ಟಿತು. ಹದಿನಾರು ವಯಸ್ಸಿನ ಹುಡುಗಿ. ಹೆಣೆದ ಜಡೆ ಮೊಣಕಾಲಿನವರೆಗೆ ಇಳಿದಿತ್ತು. ಬುಡದಲ್ಲಿ ಅದು ನಮ್ಮ ಮುಂಗೈಯಷ್ಟು ದಪ್ಪ. ಬಂದ ಹೆಂಗಸರೆಲ್ಲ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಯಾವ ಎಣ್ಣೆ ಹಾಕುತ್ತೀ?" ಎಂದು ವಿಚಾರಿಸುತ್ತಿದ್ದರು. ಹುಡುಗಿ ನಗುನಗುತ್ತಲೇ ಉತ್ತರಿಸುತ್ತಿದ್ದಳಾದರೂ ನಡುನಡುವೆ ಎರಡು ಬೆರಳುಗಳಿಂದ ಹಣೆಯ ಅಂಚನ್ನು ಒತ್ತಿಕೊಳ್ಳುತ್ತಿದ್ದುದು ನಮ್ಮ ಗಮನಕ್ಕೆ ಬಾರದಿರಲಿಲ್ಲ. ಊಟದ ಪಂಕ್ತಿ ಏಳುವ ಹೊತ್ತಿಗೆ ಆಕೆ ನಮ್ಮ ಪಕ್ಕದಲ್ಲಿ ಬಂದು ಕುಳಿತು, ಮೆಲ್ಲನೆ ಹೇಳಿದಳು: "ಇದನ್ನು ಕತ್ತರಿಸಬೇಕು ಅಂತಿದೆ ನನಗೆ. ಅಜ್ಜಿ ಬಿಡುವುದಿಲ್ಲ. ನೀವೊಂದು ಮಾತು ಹೇಳಿ."

ನಾವು ತಕ್ಷಣ ಏನೂ ಹೇಳಲಿಲ್ಲ. ಉದ್ದ ಕೂದಲನ್ನು ಕೊಂಡಾಡಿ ಇದೇ ಪುಟಗಳಲ್ಲಿ ಬರೆದವರು ನಾವು. ಹುಡುಗಿ ಅದನ್ನು ಓದಿರಲಿಕ್ಕಿಲ್ಲ, ಅಜ್ಜಿ ಓದಿರಬೇಕು.

ಎಣ್ಣೆಯ ಮಾತನ್ನು ಮೊದಲು ಮುಗಿಸೋಣ. ತಲೆಯ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲಾಗಿ ಬೆಳೆಯುತ್ತದೆ. ಪ್ರತಿಯೊಂದು ಕೂದಲಿಗೂ ಬೆಳೆಯುವ ಕಾಲವೊಂದು ಗೊತ್ತಾಗಿದೆ. ಕೆಲವರಿಗೆ ಅದು ಎರಡು ವರ್ಷ, ಕೆಲವರಿಗೆ ಆರು, ಅಪರೂಪದ ಅದೃಷ್ಟವಂತರಿಗೆ ಇನ್ನೂ ಹೆಚ್ಚು. ಅವಧಿ ತೀರಿದ ಕೂದಲು ಎರಡು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರಿದರೆ ಗಾಬರಿಪಡಬೇಕಾಗಿಲ್ಲ. ಎರಡು ವರ್ಷದ ಅವಧಿಯವರು ಯಾವ ತೈಲವನ್ನು ಎಷ್ಟೇ ಸುರಿದುಕೊಂಡರೂ ಕೂದಲು ಹೆಗಲಿನಿಂದ ಬಹಳ ಕೆಳಗಿಳಿಯದು. ಉತ್ತರಪ್ರದೇಶದ ಸ್ಮಿತಾ ಶ್ರೀವಾಸ್ತವ ಎಂಬ ಮಹಿಳೆಯ ಕೂದಲು 236.22 ಸೆಂಟಿಮೀಟರ್ ಉದ್ದವೆಂದು 2023ರಲ್ಲಿ ಗಿನ್ನೆಸ್ ದಾಖಲೆಯವರು ಅಳೆದು ಘೋಷಿಸಿದರು. ಅದರಲ್ಲಿ ಆಕೆಯ ತಾಳ್ಮೆಯೂ ಇದೆ, ಹುಟ್ಟಿನಿಂದ ಬಂದ ಭಾಗ್ಯವೂ ಇದೆ. ಬಾಣಂತಿಯರ ಕೂದಲು ಮೂರನೆಯ ತಿಂಗಳ ಸುಮಾರಿಗೆ ಮುಷ್ಟಿಗಟ್ಟಲೆ ಉದುರತೊಡಗಿದಾಗ ನಾವು ದೃಷ್ಟಿ ತೆಗೆಯಲು ಓಡುತ್ತೇವೆ. ಅದು ಹೆರಿಗೆಯ ಸಹಜ ಪರಿಣಾಮ, ಬಹುಮಂದಿಗೆ ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಟೈಫಾಯ್ಡಿನಂಥ ಕಡು ಜ್ವರದ ಬಳಿಕವೂ ಹೀಗೆಯೇ. ತುಂಬದೆ ಹೋದರೆ ರಕ್ತಹೀನತೆ ಇದೆಯೋ ಎಂದು ಪರೀಕ್ಷಿಸಿಕೊಳ್ಳುವುದು ಎಣ್ಣೆ ಬದಲಿಸುವುದಕ್ಕಿಂತ ಬುದ್ಧಿವಂತಿಕೆ.

ಹಾಗಾದರೆ ಎಣ್ಣೆ ವ್ಯರ್ಥವೇ? ಅಲ್ಲ. ಎಣ್ಣೆ ಬೆಳೆಸುವುದಿಲ್ಲ, ಬೆಳೆದದ್ದನ್ನು ಉಳಿಸುತ್ತದೆ. ತೆಂಗಿನೆಣ್ಣೆ ಕೂದಲಿನ ಒಳಗೇ ಇಳಿದು, ತೊಳೆಯುವಾಗ ಅದರ ಸತ್ವ ಸೋರಿಹೋಗದಂತೆ ತಡೆಯುತ್ತದೆಂದು 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ ತೋರಿಸಿಕೊಟ್ಟಿತು. ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಂಡುಬರಲಿಲ್ಲ. (ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಸಂಸ್ಥೆಯವರೇ ಎಂಬುದನ್ನೂ ಹೇಳಿಬಿಡುವುದು ನ್ಯಾಯ.) ನಮ್ಮ ಹಿರಿಯರು ಮೀಯುವ ಮೊದಲು ಎಣ್ಣೆ ಹಚ್ಚುತ್ತಿದ್ದುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಹದಿನಾರರ ಆ ಹುಡುಗಿಯ ಜಡೆಯ ತುದಿ ಆಕೆ ಎರಡನೆಯದೋ ಮೂರನೆಯದೋ ತರಗತಿಯಲ್ಲಿದ್ದಾಗ ನೆತ್ತಿಯಿಂದ ಹೊರಟದ್ದು. ಎಂಟು ವರ್ಷಗಳ ಬಿಸಿಲು, ನೀರು, ಬಾಚಣಿಗೆ ಎಲ್ಲವನ್ನೂ ಸಹಿಸಿದ ಆ ತುದಿಯನ್ನು ಎಂಟು ವರ್ಷದ ಹಳೆಯ ರೇಷ್ಮೆ ಸೀರೆಯಂತೆ ನಡೆಸಿಕೊಳ್ಳಬೇಕು.

ಬಾಚುವುದು ಯಾವಾಗಲೂ ತುದಿಯಿಂದ. ತುದಿಯ ಸಿಕ್ಕು ಬಿಡಿಸಿ, ಒಂದು ಗೇಣು ಮೇಲೆ ಹೋಗಿ, ಮತ್ತೆ ತುದಿಯವರೆಗೆ. ಹೀಗೆ ನೆತ್ತಿಯನ್ನು ಕೊನೆಗೆ ಮುಟ್ಟಬೇಕು. ನೆತ್ತಿಯಿಂದಲೇ ಬರಬರನೆ ಎಳೆದರೆ ಸಿಕ್ಕೆಲ್ಲ ಕೆಳಗೆ ಗಂಟಾಗಿ ಹರಿಯುತ್ತದೆ. ಒದ್ದೆ ಕೂದಲು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಆದ್ದರಿಂದ ಮಿಂದು ಬಂದೊಡನೆ ಬಾಚಣಿಗೆಗೆ ಕೈ ಹಾಕಬಾರದು. ದಾಸವಾಳದ ಎಲೆಯ ಗೊಂಪು ನಮ್ಮ ಬಚ್ಚಲುಗಳಿಂದ ಕಾಣೆಯಾಗುತ್ತಿರುವುದು ನಮಗೆ ನಿಜವಾಗಿಯೂ ಬೇಸರದ ಸಂಗತಿ. ಅಂಥ ಜಾರುವ ಲೋಳೆಯಲ್ಲಿ ತೋಯ್ದ ಕೂದಲು ಒಂದಕ್ಕೊಂದು ಉಜ್ಜುವುದಿಲ್ಲ, ಬೆರಳಲ್ಲೇ ಸಿಕ್ಕು ಬಿಡುತ್ತದೆ. ದಪ್ಪ ಕೂದಲಿನವರು ತಲೆಯನ್ನು ಮೂರು ಪಾಲು ಮಾಡಿಕೊಂಡು ಒಂದೊಂದಾಗಿ ತೊಳೆಯುವುದು ಲೇಸು. ಇಡೀ ರಾಶಿಯನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕಿದರೆ ಮರುದಿನವಿಡೀ ಸಿಕ್ಕು ಬಿಡಿಸುವುದೇ ಕೆಲಸ.

ಒಣಗಿಸುವ ವಿಷಯದಲ್ಲಿ ನೆರೆಯವರಿಗೆ ನಾವು ಋಣಿಗಳು. ಮಲಯಾಳದ ಹೆಂಗಸರು ಮಿಂದ ಬಳಿಕ ಎರಡು ಕಿವಿಗಳ ಬಳಿಯಿಂದ ಒಂದೊಂದು ಸಣ್ಣ ಎಳೆಯನ್ನು ತೆಗೆದು, ಹಿಂದೆ ಸಡಿಲವಾಗಿ ಹೆಣೆದು, ಉಳಿದ ಕೂದಲನ್ನು ಅದರ ಕೆಳಗೆ ಹರವಿ ಬಿಡುತ್ತಾರೆ; ಕುಳಿಪ್ಪಿನ್ನಲ್ ಎಂದು ಅದರ ಹೆಸರು, ಎಂದರೆ ಮೀಯುವಿಕೆಯ ಜಡೆ. ಕೂದಲು ಮುಖಕ್ಕೆ ಬೀಳದು, ಗಾಳಿಯೂ ಆಡುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಭಾಷೆಯ ವಿಷಯದಲ್ಲಿ ನಾವು ಎಷ್ಟೇ ಜಗಳವಾಡುತ್ತ ಬಂದಿರಲಿ, ಈ ಜಡೆಯನ್ನು ಮಾತ್ರ ನಮ್ಮ ಹುಡುಗಿಯರು ಸದ್ದಿಲ್ಲದೆ ಸ್ವೀಕರಿಸಿದ್ದಾರೆ.

ಇನ್ನು ಕಟ್ಟುವ ಮಾತು. ಇಲ್ಲಿ ನಾವು ತುಸು ಹೆಚ್ಚು ಹೊತ್ತು ನಿಲ್ಲುತ್ತೇವೆ, ಏಕೆಂದರೆ ಭದ್ರವಾಗಿ ಕಟ್ಟುವುದೆಂದರೆ ಬಿಗಿಯಾಗಿ ಕಟ್ಟುವುದೆಂದು ತಾಯಂದಿರಲ್ಲಿ ಬೇರೂರಿದ ಒಂದು ನಂಬಿಕೆಯಿದೆ. ಹುಬ್ಬು ಮೇಲೇಳುವಷ್ಟು ಬಿಗಿದು ಶಾಲೆಗೆ ಕಳುಹಿಸಿದ ಮಗಳ ಹಣೆಯ ಅಂಚನ್ನೂ ಕಿವಿಯ ಮುಂದಿನ ಭಾಗವನ್ನೂ ವರ್ಷಕ್ಕೊಮ್ಮೆಯಾದರೂ ಬೆಳಕಿನಲ್ಲಿ ನೋಡಿ. ನಿತ್ಯದ ಸೆಳೆತಕ್ಕೆ ಅಲ್ಲಿನ ಕೂದಲು ತೆಳ್ಳಗಾಗುತ್ತ ಹೋಗುತ್ತದೆ. ಬೇಗ ಎಚ್ಚತ್ತು ಸಡಿಲಿಸಿದರೆ ಮರಳುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತು ಮರಳಿ ಬಾರದು. ಮದುವೆಮನೆಯ ಹುಡುಗಿ ಒತ್ತಿಕೊಳ್ಳುತ್ತಿದ್ದ ಜಾಗ ಅದೇ.

ಭಾರದ ಕೂದಲನ್ನು ಹಿಡಿದಿಡುವ ಗುಟ್ಟು ಭಾರವನ್ನು ಹಂಚುವುದರಲ್ಲಿದೆ. ಬಿಡಿ ಕೂದಲನ್ನು ಸುತ್ತಿ ತುರುಬು ಹಾಕಿದರೆ ಜಾರುತ್ತದೆ. ಮೊದಲು ಸಡಿಲವಾದ ಜಡೆ ಹೆಣೆದು, ಆ ಜಡೆಯನ್ನು ಕುತ್ತಿಗೆಯ ಮೇಲ್ಗಡೆ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಬೇಕು. ಸುರುಳಿ ತಲೆಗೆ ಅಂಟಿಕೊಂಡಿರಬೇಕೇ ಹೊರತು ಮೊಟ್ಟೆಯಂತೆ ಹಿಂದಕ್ಕೆ ನೇತಾಡಬಾರದು. ಆಮೇಲೆ ಕವೆಯಾಕಾರದ ಸೂಜಿಗಳು ನಾಲ್ಕು ಸಾಕು, ನಾಲ್ಕು ದಿಕ್ಕಿಗೆ. ಸೂಜಿಯ ತುದಿ ಹೊರಮುಖವಾಗಿರುವಂತೆ ಸುರುಳಿಯ ಅಂಚಿನ ಒಂದಿಷ್ಟು ಕೂದಲನ್ನೂ ತಲೆಯ ಒಂದಿಷ್ಟು ಕೂದಲನ್ನೂ ಒಟ್ಟಿಗೆ ಹಿಡಿದು, ಅಲ್ಲಿಂದ ಸೂಜಿಯನ್ನು ಮಗುಚಿ ಸುರುಳಿಯ ನಡುವಿನತ್ತ ತೂರಿಸಬೇಕು. ಆ ಮಗುಚುವಿಕೆಯಲ್ಲೇ ಬೀಗವಿದೆ. ಇದು ತಿಳಿಯದೆ ನಾವು ಹರೆಯದಲ್ಲಿ ಇಪ್ಪತ್ತು ಸೂಜಿ ಚುಚ್ಚಿಕೊಂಡು ಯಕ್ಷಗಾನಕ್ಕೆ ಹೋಗಿ, ಬೆಳಗಿನ ಜಾವಕ್ಕೆ ಸೂಜಿಗಳನ್ನು ಚಾಪೆಯ ಮೇಲೆ ಹುಡುಕಿದ್ದುಂಟು. ಬರಿಯ ರಬ್ಬರು ಕೂದಲನ್ನು ಕಡಿಯುತ್ತದೆ. ಬಟ್ಟೆಯ ಪಟ್ಟಿಯೇ ಸಾಕು. ಇನ್ನೂ ಭಾರವಾದರೆ ಎರಡು ಜಡೆ ಹಾಕಿ, ಒಂದನ್ನು ಬಲಕ್ಕೂ ಒಂದನ್ನು ಎಡಕ್ಕೂ ಸುತ್ತಿದರೆ ಕುತ್ತಿಗೆಗೆ ಹಿತ. ಮದುಮಗಳ ಮೊಗ್ಗಿನ ಜಡೆ, ಜಡೆಬಿಲ್ಲೆ, ಕುಚ್ಚು ಒಂದು ದಿನದ ಸಂಭ್ರಮ; ಅವನ್ನು ಬುಡದ ಒಂದೇ ಗಂಟಿಗೆ ತೂಗಿಹಾಕದೆ ಜಡೆಯ ಉದ್ದಕ್ಕೂ ಹೊಲಿದು ನಿಲ್ಲಿಸಿರೆಂದು ಅಲಂಕಾರದವರಿಗೆ ಮೊದಲೇ ಹೇಳಿಡುವುದು ಒಳಿತು.

ಭದ್ರತೆಯ ಮಾತಿಗೆ ಇನ್ನೊಂದು ಮುಖವಿದೆ. ಹಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿಯೇ, ದೋಸೆಗೆ ಅರೆಯುತ್ತಿದ್ದ ಗ್ರೈಂಡರಿನ ಮೇಲೆ ಹಿಟ್ಟು ತಿರುವಲು ಬಾಗಿದ ನಮ್ಮ ತಂಗಿಯ ಜಡೆ ಹೆಗಲಿನಿಂದ ಜಾರಿ ಕಲ್ಲಿಗೆ ಸುತ್ತಿಕೊಂಡಿತು. ನಾವು ಗುಂಡಿಯ ಬಳಿಯೇ ಇದ್ದೆವು, ನಿಲ್ಲಿಸಿದೆವು. ಅಷ್ಟರಲ್ಲೇ ಅಂಗೈಯಗಲದ ಕೂದಲು ಬುಡಸಹಿತ ಹೋಗಿತ್ತು. ಆ ಕೂಗು ಇಂದಿಗೂ ಕಿವಿಯಲ್ಲಿದೆ. ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿಯ ಪಟ್ಟಿ, ಬೈಕಿನ ಹಿಂದಿನ ಚಕ್ರ, ಬಚ್ಚಲ ಒಲೆಯ ಬೆಂಕಿ, ಇವುಗಳ ಹತ್ತಿರ ಜಡೆಯಲ್ಲ, ತುರುಬೇ ಇರಬೇಕು; ಅದರ ಮೇಲೊಂದು ಬಟ್ಟೆ ಬಿಗಿದಿರಬೇಕು.

ಅಜ್ಜಿಯನ್ನು ಕಾಣಲು ಹದಿನೈದು ದಿನ ಬಿಟ್ಟು ಹೋದೆವು. ಎಂಬತ್ತಾರು ದಾಟಿದ ಜೀವ. ಜಗಲಿಯಲ್ಲಿ ಕುಳಿತು ಮೊಮ್ಮಗಳ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದರು. ನಾವು ಹಣೆಯ ಅಂಚಿನ ಮಾತು ತೆಗೆದೆವು, ಗ್ರೈಂಡರಿನ ಕಥೆ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, ಬೇರೆಯೇ ಮಾತು ಹೇಳಿದರು. ಅವರ ಸೋದರತ್ತೆಗೂ ಇಂಥದೇ ಕೂದಲಂತೆ. ಹದಿಮೂರಕ್ಕೆ ಗಂಡ ಸತ್ತ. ಆಮೇಲೆ ಬದುಕಿರುವವರೆಗೂ ತಿಂಗಳಿಗೊಮ್ಮೆ ಹಿತ್ತಲ ಹಲಸಿನ ಬುಡದಲ್ಲಿ ತಲೆ ಬಗ್ಗಿಸಿ ಕುಳಿತುಕೊಳ್ಳುವುದು, ಕೆಂಪು ಸೀರೆಯ ಸೆರಗು ಹೊದ್ದು ಒಳಗೆ ಬರುವುದು. ಸಂಜೆ ಮಾತ್ರ ಪುಟ್ಟ ಸೊಸೆಯನ್ನು ಮುಂದೆ ಕೂರಿಸಿಕೊಂಡು ಗಂಟೆಗಟ್ಟಲೆ ತಲೆ ಬಾಚುತ್ತಿದ್ದರಂತೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು 1976ರಲ್ಲಿ ಅದು ಹೊರಬಂದ ಹೊಸತರಲ್ಲಿ ನಾವು ಓದಿ ಅತ್ತಿದ್ದೆವು. ಆ ಬಾಳಿನಂಥದನ್ನು ಕಣ್ಣಾರೆ ಕಂಡ ಒಬ್ಬರು ನಮ್ಮ ಮುಂದೆಯೇ ಇದ್ದರು. "ಕತ್ತರಿ ಎಂದರೆ ನನಗೆ ಆ ಹಲಸಿನ ಮರವೇ ಕಾಣುವುದು" ಎಂದರು ಅಜ್ಜಿ.

ಹುಡುಗಿ ತಿರುಗದೆಯೇ ಕೇಳಿದಳು: "ಅವರನ್ನು ಯಾರಾದರೂ ಕೇಳಿದ್ದರಾ ಅಜ್ಜಿ, ತೆಗೆಯಬಹುದಾ ಅಂತ?"

"ಕೇಳುವುದು ಎಲ್ಲಿಂದ ಬಂತು!"

"ನನ್ನನ್ನೂ ಯಾರೂ ಕೇಳಿಲ್ಲ, ಇಟ್ಟುಕೊಳ್ಳುತ್ತೀಯಾ ಅಂತ."

ಎಣ್ಣೆಯ ಕೈ ಸ್ವಲ್ಪ ಹೊತ್ತು ನಿಂತಿತು. ಅಂದು ಯಾವುದೂ ತೀರ್ಮಾನವಾಗಲಿಲ್ಲ. ನಾವು ಚಹಾ ಕುಡಿದು ಬಸ್ಸು ಹಿಡಿದೆವು.

ಆಟಿ ತಿಂಗಳಲ್ಲಿ ದೂರವಾಣಿ ಬಂತು. ಸೊಂಟದವರೆಗೆ ಉಳಿಸಿಕೊಂಡು ಉಳಿದದ್ದನ್ನು ತೆಗೆಯುವುದೆಂದು ಒಪ್ಪಂದವಾಗಿತ್ತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರಿಗೆ ವಿಗ್ ಮಾಡಲು ಜಡೆ ಕೊಡುವುದು ಕೇರಳದ ಕಾಲೇಜು ಹುಡುಗಿಯರಲ್ಲಿ ಈಗ ಸಾಮಾನ್ಯವಾಗಿದೆ. ಈಕೆಯೂ ಕೊಡುವುದಾಗಿ ಹೇಳಿಟ್ಟಿದ್ದಳು. ಅದಕ್ಕೆ ಎಣ್ಣೆಯ ಪಸೆ ಇರಬಾರದು, ಪೂರ್ತಿ ಒಣಗಿರಬೇಕು, ಜಡೆ ಬಿಚ್ಚಿಹೋಗದಂತೆ ಎರಡೂ ತುದಿ ಕಟ್ಟಿ ಕೊಡಬೇಕು. ಕತ್ತರಿಸುವಾಗ ಅಜ್ಜಿ ಹೊರಗೆ ಬರಲಿಲ್ಲವಂತೆ. ಮುಗಿದ ಮೇಲೆ ಬಂದು, "ಕೂದಲು ಹೋದ ಹೆಂಗಸರಿಗೇ ತಾನೇ ಇದು?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರಂತೆ. ಕತ್ತರಿಸಿದ ಜಡೆಯನ್ನು ತಾವೇ ಗೊಂಪಿನಲ್ಲಿ ತೊಳೆದು, ಮಳೆ ಬಿಡದ ಆ ದಿನಗಳಲ್ಲಿ ಮೂರು ಹೊತ್ತು ಅಟ್ಟದ ಬಿಸಿಯಲ್ಲಿ ಆರಿಸಿದರು. ಮೊಮ್ಮಗಳು ಕಟ್ಟಿದ್ದ ದಾರ ಸಡಿಲವೆಂದು ಬಿಚ್ಚಿ, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಬಿಗಿದು, ಹಳೆಯ ಕೆಂಪು ಬಟ್ಟೆಯೊಂದರಲ್ಲಿ ಸುತ್ತಿ ಕೊಟ್ಟರು.